ಕೊನೆಯ ಪುಟದ ನ್ಯಾಯ

ಕಥೆ, ಕವನ, ಕಾದಂಬರಿಗಳ ಗುಣದೋಷ ವಿವೇಚನೆಗೆ ಮೀಸಲಾದ ಈ ಪುಟಗಳಲ್ಲಿ ಒಬ್ಬ ವಕೀಲರ ವೃತ್ತಿಜೀವನವನ್ನೂ ಅವರು ವಾದಿಸಿದ ಮೊಕದ್ದಮೆಗಳ ತೀರ್ಪುಗಳನ್ನೂ ವಿಮರ್ಶೆಗೆ ಎತ್ತಿಕೊಂಡರೆ ಓದುಗರು ಹುಬ್ಬೇರಿಸಬಹುದು. ಆದರೆ ತೀರ್ಪೂ ಒಂದು ಬರಹವೇ. ಅದಕ್ಕೂ ಪೀಠಿಕೆ ಉಂಟು, ಪಾತ್ರಗಳುಂಟು, ವಾದ ಪ್ರತಿವಾದಗಳುಂಟು, ಮುಕ್ತಾಯವುಂಟು. ಕಾದಂಬರಿಯ ಮುಕ್ತಾಯ ಸೊರಗಿದರೆ ಓದುಗನಿಗೆ ಬೇಸರವಾದೀತು, ಅಷ್ಟೆ. ತೀರ್ಪಿನ ಮುಕ್ತಾಯ ಸೊರಗಿದರೆ ಯಾರದೋ ಮನೆ ಉರುಳುತ್ತದೆ.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಓದಿನಲ್ಲಿ ಒಂದು ಅಭ್ಯಾಸ ಬಿದ್ದುಹೋಗಿದೆ. ಫೈಲು ಎಷ್ಟೇ ದಪ್ಪವಿರಲಿ, ನಾವು ಮೊದಲು ತಿರುಗಿಸುವುದು ಕೊನೆಯ ಪುಟವನ್ನು. ಹತ್ತು ಪುಟ ಮರುಕದ ಟಿಪ್ಪಣಿ ಬರೆದು, ಕೊನೆಯಲ್ಲಿ ‘ಕೋರಿಕೆಯನ್ನು ಪರಿಗಣಿಸಲಾಗದು’ ಎಂದು ಸಹಿ ಹಾಕಿದ ಅಧಿಕಾರಿಗಳನ್ನು ಕಂಡಿದ್ದೇವೆ. ಇಂದಿರಾ ಜೈಸಿಂಗ್ ಅವರ ವೃತ್ತಿಜೀವನವನ್ನು ಈ ಕಡತ ಓದುವ ಕಣ್ಣಿನಿಂದ ನೋಡಿದರೆ ಏನು ಕಾಣುತ್ತದೆ ಎಂಬುದೇ ಈ ಬರಹದ ವಿಷಯ.

ಇಂದಿರಾ ಜೈಸಿಂಗ್ ಮುಂಬಯಿಯಲ್ಲಿ 1940ರಲ್ಲಿ ಜನಿಸಿದ ಸಿಂಧಿ ಮನೆತನದವರು. ಅವರ ವಿದ್ಯಾಭ್ಯಾಸದ ಒಂದು ಭಾಗ ನಮ್ಮ ಬೆಂಗಳೂರಿನಲ್ಲಿ ನಡೆಯಿತು. ಕಾನೂನಿನ ಪದವಿ ಮುಂಬಯಿ ವಿಶ್ವವಿದ್ಯಾಲಯದ್ದು. 1981ರಲ್ಲಿ ಅವರು ಆನಂದ್ ಗ್ರೋವರ್ ಮೊದಲಾದವರ ಜತೆಗೂಡಿ ‘ಲಾಯರ್ಸ್ ಕಲೆಕ್ಟಿವ್’ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯನ್ನು ಕಟ್ಟಿದರು. ಫೀಜು ತೆರಲಾಗದವರ ಪರವಾಗಿಯೂ ಒಳ್ಳೆಯ ವಕೀಲರು ನಿಲ್ಲಬೇಕು ಎಂಬುದು ಅದರ ಮೂಲ ಕಲ್ಪನೆ. ಸಂಸ್ಥೆ ಹುಟ್ಟಿದ ವರ್ಷವೇ ಈ ನಗರ ಅದರ ಮುಂದೆ ಒಂದು ದೊಡ್ಡ ಪ್ರಶ್ನೆಯನ್ನು ತಂದಿಟ್ಟಿತು.

1981ರ ಜುಲೈ 13ರಂದು ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಳೆಯವರು, ಮುಂಬಯಿಯ ಫುಟ್‌ಪಾತ್‌ಗಳ ಮೇಲೆ ವಾಸಿಸುವವರನ್ನು ಎಬ್ಬಿಸಿ ಅವರವರ ಊರಿಗೆ ಸಾಗಿಸಲಾಗುವುದು ಎಂದು ಘೋಷಿಸಿದರು. ಮಳೆಗಾಲದ ನಡುವೆ ಜನರನ್ನು ಸರ್ಕಾರಿ ಬಸ್ಸುಗಳಿಗೆ ತುಂಬಲಾಯಿತು. ಪತ್ರಕರ್ತೆ ಓಲ್ಗಾ ಟೆಲ್ಲಿಸ್, ನಾಗರಿಕ ಹಕ್ಕುಗಳ ಸಂಘಟನೆಗಳು ಮತ್ತು ಫುಟ್‌ಪಾತ್ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸುಪ್ರೀಂ ಕೋರ್ಟಿನಲ್ಲಿ ಅವರ ಪರ ವಾದಿಸಿದವರಲ್ಲಿ ಇಂದಿರಾ ಜೈಸಿಂಗ್ ಪ್ರಮುಖರು. ಐವರು ನ್ಯಾಯಮೂರ್ತಿಗಳ ಪೀಠ 1985ರ ಜುಲೈ 10ರಂದು ತೀರ್ಪಿತ್ತಿತು. ಬರೆದವರು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರು.

ಈ ತೀರ್ಪಿನ ಮೊದಲರ್ಧ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಜನ ಫುಟ್‌ಪಾತಿನಲ್ಲಿ ಮಲಗುವುದು ಸುಖಕ್ಕಲ್ಲ, ಕೆಲಸ ಇಲ್ಲಿರುವುದರಿಂದ. ಮಲಗುವ ತಾಣ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಜೀವವೇ ಹೋದಂತೆ. ಆದ್ದರಿಂದ ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ. ಇದು ಅದರ ತರ್ಕದ ಸರಪಳಿ. ಗಣಿತದ ಪ್ರಮೇಯದಂತೆ ಒಂದು ಹೆಜ್ಜೆಯಿಂದ ಮುಂದಿನ ಹೆಜ್ಜೆ ತಾನಾಗಿ ಬರುತ್ತದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಯಾರೇ ಆಗಲಿ ಇದನ್ನು ಒಪ್ಪದಿರಲು ಸಾಧ್ಯವಿಲ್ಲ. ಹೋಟೆಲಿನಲ್ಲಿ ಹಗಲೆಲ್ಲ ದುಡಿದು, ರಾತ್ರಿಶಾಲೆಗೆ ಹೋಗಿ, ಬಾಗಿಲು ಹಾಕಿದ ಮೇಲೆ ಅದೇ ಹೋಟೆಲಿನ ನೆಲದ ಮೇಲೆ ಮಲಗಿ ಮೇಲೆ ಬಂದ ಹಿರಿಯರ ಕಥೆ ಕೇಳದ ಮುಂಬಯಿ ಕನ್ನಡಿಗರ ಮನೆ ಯಾವುದಿದೆ?

ಆದರೆ ಧಾಟಿಯನ್ನು ಗಮನಿಸುವ ಓದುಗನಿಗೆ ಒಂದು ಕಡೆ ಕಾಲಿಗೆ ಮುಳ್ಳು ಚುಚ್ಚುತ್ತದೆ. ಬಸ್ಸಿನಲ್ಲಿ ಜನರನ್ನು ಸಾಗಿಸಿದ ಸಂಗತಿಯನ್ನು ಹೇಳುವಾಗ, ದಾರಿಯಲ್ಲಿ ಎರಡು ಶಿಶುಗಳು ಹುಟ್ಟಿದವು, ಇಬ್ಬರು ಸತ್ತರು ಎಂಬುದನ್ನು ತೀರ್ಪು ಒಂದಕ್ಕೊಂದು ಸರಿದೂಗಿತು ಎಂಬ ಅರ್ಥದ ಮಾತಿನಲ್ಲಿ ಮುಗಿಸಿಬಿಡುತ್ತದೆ. ಅದು ಕಹಿಯಾದ ವ್ಯಂಗ್ಯವೋ, ಜಮಾಖರ್ಚಿನ ಭಾಷೆಯೋ ಹೇಳುವುದು ಕಷ್ಟ. ವ್ಯಂಗ್ಯವೇ ಇರಬೇಕೆಂದು ನಾನು ನಂಬಬಯಸುತ್ತೇನೆ. ಹಾಗೆ ನಂಬಲು ಕೊನೆಯ ಪುಟ ಮಾತ್ರ ಬಿಡುವುದಿಲ್ಲ.

ಕೊನೆಯ ಪುಟದಲ್ಲಿರುವುದು ಇಷ್ಟು. ಅತಿಕ್ರಮಣವನ್ನು ನೋಟಿಸಿಲ್ಲದೆ ತೆಗೆಸಲು ಪಾಲಿಕೆಗೆ ಅವಕಾಶ ಕೊಡುವ 1888ರ ಮುನಿಸಿಪಲ್ ಕಾಯಿದೆಯ 314ನೆಯ ಕಲಮು ಸಿಂಧು. ಸಾಮಾನ್ಯವಾಗಿ ನೋಟಿಸು ಕೊಡಬೇಕು ನಿಜ, ಆದರೆ ಈ ಅರ್ಜಿದಾರರ ಅಹವಾಲನ್ನು ನ್ಯಾಯಾಲಯವೇ ಕೇಳಿದ್ದರಿಂದ ಆ ಕೊರತೆ ತುಂಬಿದಂತಾಯಿತು. 1976ರ ಗಣತಿಯಲ್ಲಿ ಸೇರಿದವರಿಗೆ ಮಾಲವಣಿಯಲ್ಲೋ ಅನುಕೂಲವಾದ ಬೇರೆಡೆಯಲ್ಲೋ ಬದಲಿ ಜಾಗ ಕೊಡಬೇಕು. ಆದರೆ ಎಬ್ಬಿಸುವ ಮೊದಲೇ ಕೊಡಬೇಕೆಂಬ ಷರತ್ತಿಲ್ಲ. 1985ರ ಅಕ್ಟೋಬರ್ 31ರ ತನಕ, ಎಂದರೆ ಮಳೆಗಾಲ ಕಳೆದು ಒಂದು ತಿಂಗಳವರೆಗೆ, ಯಾರನ್ನೂ ಎಬ್ಬಿಸಕೂಡದು. ಜೀವನೋಪಾಯ ಮೂಲಭೂತ ಹಕ್ಕಿನ ಭಾಗವೆಂದು ಸಾರಿದ ತೀರ್ಪು, ಆ ಹಕ್ಕುಳ್ಳವನಿಗೆ ಕಟ್ಟಕಡೆಗೆ ಕೊಟ್ಟದ್ದು ಒಂದು ಮಳೆಗಾಲದ ಬಿಡುವು.

ಇದು ಗೆಲುವೋ ಸೋಲೋ? ಕಾನೂನಿನ ಪಠ್ಯಪುಸ್ತಕಗಳು ಗೆಲುವೆನ್ನುತ್ತವೆ. ಗುಡಿಸಲು ಕಳೆದುಕೊಂಡವನನ್ನು ಕೇಳಿದರೆ ಬೇರೆ ಉತ್ತರ ಬಂದೀತು. ವಿಮರ್ಶಕನಾದವನು ಎರಡನ್ನೂ ಒಟ್ಟಿಗೆ ಹೇಳಬೇಕಾಗುತ್ತದೆ. ವಕೀಲೆಯ ದೃಷ್ಟಿಯಿಂದ ನೋಡಿದರೆ ಅರ್ಜಿ ಹಾಕಿ ತಡೆಯಾಜ್ಞೆ ತಂದದ್ದರಿಂದಲೇ ನಾಲ್ಕು ವರ್ಷ ಸಾವಿರಾರು ಜನ ಇದ್ದಲ್ಲಿ ಇರಲು ಸಾಧ್ಯವಾಯಿತು. ಬಡವನ ಬಾಳಿನಲ್ಲಿ ನಾಲ್ಕು ವರ್ಷವೆಂದರೆ ಒಂದು ಮಗುವಿನ ನಾಲ್ಕು ತರಗತಿ. ಅದು ಸಣ್ಣದಲ್ಲ. ಅಲ್ಲದೆ ಒಮ್ಮೆ ಉಚ್ಚರಿಸಿದ ತತ್ತ್ವ ಹಿಂದಕ್ಕೆ ಹೋಗುವುದಿಲ್ಲ. ಮುಂದಿನ ವಕೀಲರು ಅದನ್ನು ಹಿಡಿದುಕೊಂಡೇ ವಾದಿಸಿದರು.

ಇದೇ ಫುಟ್‌ಪಾತಿನ ಮೇಲೆ ಇನ್ನೊಂದು ಬಗೆಯ ಕೆಲಸವೂ ನಡೆಯಿತೆಂಬುದನ್ನು ಮರೆಯಬಾರದು. ಬೈಕಲಾದಲ್ಲಿ 1984ರಲ್ಲಿ ಆರಂಭವಾದ ‘ಸ್ಪಾರ್ಕ್’ ಎಂಬ ಸಂಸ್ಥೆ, ತೀರ್ಪು ಬಂದ 1985ರಲ್ಲೇ ಫುಟ್‌ಪಾತ್ ಕುಟುಂಬಗಳನ್ನು ಮನೆಮನೆಯಾಗಿ ಎಣಿಸಿತು. ಅಲ್ಲಿಯ ಹೆಂಗಸರು ‘ಮಹಿಳಾ ಮಿಲನ್’ ಕಟ್ಟಿಕೊಂಡು, ಉಳಿತಾಯ ಮಾಡುತ್ತ, ಸರ್ಕಾರದೊಂದಿಗೆ ಮಾತಾಡುತ್ತ, ಬಹಳ ವರ್ಷಗಳ ಮೇಲೆ ಮಾನಖುರ್ದಿನಲ್ಲಿ ಪಕ್ಕಾ ಮನೆಗಳನ್ನು ಪಡೆದರು. ನ್ಯಾಯಾಲಯ ಹಕ್ಕನ್ನು ಹೆಸರಿಸಿತು. ಮನೆಯ ಬೀಗದ ಕೈ ಬಂದದ್ದು ಬೇರೆ ದಾರಿಯಿಂದ. ಜೈಸಿಂಗ್ ಅವರ ದಾರಿಯ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ. ಆದರೆ ಎಬ್ಬಿಸುವ ಕೈಗೆ ನಾಲ್ಕು ವರ್ಷ ತಡೆಯಿಲ್ಲದಿದ್ದರೆ ಎಣಿಸಲು ಆ ಕುಟುಂಬಗಳು ಅಲ್ಲಿ ಉಳಿಯುತ್ತಿದ್ದವೇ ಎಂದೂ ಕೇಳಿಕೊಳ್ಳಬೇಕು.

ಎರಡನೆಯ ನಿದರ್ಶನ ನಮ್ಮಂಥ ಮಧ್ಯಮ ವರ್ಗದ ಮನೆಗೆ ಹತ್ತಿರದ್ದು. ಲೇಖಕಿ ಗೀತಾ ಹರಿಹರನ್ 1984ರಲ್ಲಿ ಅಪ್ರಾಪ್ತ ಮಗನ ಹೆಸರಿನಲ್ಲಿ ಶೇಕಡಾ 9ರ ರಿಲೀಫ್ ಬಾಂಡಿಗೆ ಅರ್ಜಿ ಹಾಕಿ ಪೋಷಕಿಯೆಂದು ತಾವೇ ಸಹಿ ಮಾಡಿದರು. ತಂದೆಯ ಸಹಿ ಬೇಕೆಂದು ರಿಸರ್ವ್ ಬ್ಯಾಂಕು ಅದನ್ನು ಮರಳಿಸಿತು. ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ 1956ರ ಕಾಯಿದೆಯಲ್ಲಿ ಸಹಜ ಪೋಷಕ ತಂದೆ, ಅವನ ‘ನಂತರ’ ತಾಯಿ ಎಂದಿರುವುದೇ ಇದಕ್ಕೆ ಕಾರಣ. ಜೈಸಿಂಗ್ ವಾದಿಸಿದ ಈ ಮೊಕದ್ದಮೆಯಲ್ಲಿ 1999ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟು, ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ಅವನು ಹೊಣೆ ಹೊರದಿದ್ದಾಗ, ಅಥವಾ ಇಬ್ಬರೂ ಒಪ್ಪಿಕೊಂಡಾಗ ಎಂಬ ಅರ್ಥವೂ ಉಂಟು ಎಂದು ತಿಳಿಸಿತು. ಒಂದು ಪದದ ಹೊಟ್ಟೆಯನ್ನು ಹಿಗ್ಗಿಸಿ ತಾಯಿಗೆ ಜಾಗ ಮಾಡಿಕೊಟ್ಟ ಈ ಓದು ಯಾವ ಭಾಷ್ಯಕಾರನಿಗೂ ಕಡಿಮೆಯಿಲ್ಲ. ಆದರೆ ಕಲಮು ಕಲಮಾಗಿಯೇ ಉಳಿಯಿತು; ತಂದೆ ಮೊದಲು, ತಾಯಿ ಆಮೇಲೆ ಎಂಬ ಸಾಲು ಪುಸ್ತಕದಿಂದ ಅಳಿಯಲಿಲ್ಲ. ಇಲ್ಲಿಯೂ ವಿಶಾಲ ಪೀಠಿಕೆ, ಕಿರಿದಾದ ಕೊನೆಯ ಪುಟ.

ಈ ಅನುಭವಗಳಿಂದಲೇ ಇರಬೇಕು, ಜೈಸಿಂಗ್ ಅವರ ಸಂಸ್ಥೆ ತೀರ್ಪಿಗಾಗಿ ಕಾಯುವುದರ ಜತೆಗೆ ಕಾಯಿದೆಯನ್ನೇ ಬರೆಯುವ ಕೆಲಸಕ್ಕೂ ಇಳಿಯಿತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯ ಹಿಂದೆ ಲಾಯರ್ಸ್ ಕಲೆಕ್ಟಿವ್ ಸಿದ್ಧಪಡಿಸಿದ ಕರಡು ಇತ್ತು. ಮನೆಯ ಪತ್ರ ಯಾರ ಹೆಸರಿನಲ್ಲೇ ಇರಲಿ, ತಾನು ಬಾಳಿದ ಮನೆಯಲ್ಲಿ ಉಳಿಯುವ ಹಕ್ಕು ಹೆಣ್ಣಿಗುಂಟು ಎಂಬುದೇ ಅದರ ಜೀವಾಳ. ನನ್ನ ಮಟ್ಟಿಗೆ ಇದು ಅವರ ವೃತ್ತಿಜೀವನದ ಶ್ರೇಷ್ಠ ಕೃತಿ. ಫುಟ್‌ಪಾತಿನವರಿಗಾಗಿ ಕೇಳಿದ್ದನ್ನೇ ಅವರು ಇಲ್ಲಿ ಫ್ಲಾಟಿನೊಳಗಿನ ಹೆಣ್ಣಿಗಾಗಿ ಕೇಳಿದ್ದಾರೆ: ಒಡೆತನವಿಲ್ಲದವರಿಗೂ ಸೂರು ಬೇಕು.

ಈ ಕೃತಿಗೂ ಕಂಟಕಗಳು ತಪ್ಪಲಿಲ್ಲ. 2006ರ ಅಕ್ಟೋಬರ್ 26ರಂದು ಕಾಯಿದೆ ಜಾರಿಗೆ ಬಂತು. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 15ರಂದು, ಅತ್ತೆಯ ಹೆಸರಿನ ಮನೆಯಲ್ಲಿ ಸೊಸೆಗೆ ಆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು ಬತ್ರಾ ಪ್ರಕರಣದಲ್ಲಿ ಹೇಳಿತು. ಆ ತೀರ್ಪು ತಪ್ಪೆಂದು ಅದೇ ನ್ಯಾಯಾಲಯ ಒಪ್ಪಿದ್ದು 2020ರ ಅಕ್ಟೋಬರ್ 15ರಂದು, ಅಹುಜಾ ಪ್ರಕರಣದಲ್ಲಿ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಎಷ್ಟು ಸೊಸೆಯಂದಿರು ಪೆಟ್ಟಿಗೆ ಹಿಡಿದು ಹೊಸ್ತಿಲು ದಾಟಿದರೋ! ಕಾಯಿದೆ ಸೃಷ್ಟಿಸಿದ ರಕ್ಷಣಾಧಿಕಾರಿಯ ಹುದ್ದೆ ಹಲವು ರಾಜ್ಯಗಳಲ್ಲಿ ಬೇರೆ ಕೆಲಸದ ಅಧಿಕಾರಿಗೆ ಹೆಚ್ಚುವರಿ ಹೊಣೆಯಾಗಿ ಬಂತು. ‘ಹೆಚ್ಚುವರಿ ಹೊಣೆ’ ಎಂದರೇನೆಂದು ಕಚೇರಿಯಲ್ಲಿ ದುಡಿಯುವವರಿಗೆ ವಿವರಿಸಬೇಕಾಗಿಲ್ಲ. ಲಾಯರ್ಸ್ ಕಲೆಕ್ಟಿವ್ ಈ ಕಾಯಿದೆಯ ಅನುಷ್ಠಾನದ ಬಗೆಗೂ ವರದಿಗಳನ್ನು ತಂದಿತು. ಬರೆದು ಕೈತೊಳೆದುಕೊಳ್ಳದೆ ಬೆನ್ನುಹತ್ತಿ ನೋಡಿದ ಈ ಗುಣ ಮೆಚ್ಚತಕ್ಕದ್ದು.

ಇನ್ನು ಸಂಸ್ಥೆಯ ವಿಚಾರ. ಎಚ್‌ಐವಿ ಸೋಂಕಿನ ನೆಪದಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕನೊಬ್ಬನ ಪರವಾಗಿ, ಅವನ ಹೆಸರನ್ನು ಗುಟ್ಟಾಗಿಟ್ಟು, 1997ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಗೆದ್ದದ್ದು ಲಾಯರ್ಸ್ ಕಲೆಕ್ಟಿವ್. 2013ರಲ್ಲಿ ನೋವಾರ್ಟಿಸ್ ಕಂಪೆನಿಯ ಕ್ಯಾನ್ಸರ್ ಔಷಧದ ಪೇಟೆಂಟ್ ಪ್ರಕರಣದಲ್ಲಿ ರೋಗಿಗಳ ಸಂಘದ ಪರ ವಾದಿಸಿದವರು ಆನಂದ್ ಗ್ರೋವರ್. ಜೈಸಿಂಗ್ 1986ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮೊದಲ ಮಹಿಳಾ ಹಿರಿಯ ವಕೀಲರಾದರು. 2009ರಿಂದ 2014ರವರೆಗೆ ಕೇಂದ್ರದ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿದ್ದರು, ಆ ಹುದ್ದೆಗೇರಿದ ಮೊದಲ ಮಹಿಳೆ. ಮೊಕದ್ದಮೆಗಳ ನೇರ ಪ್ರಸಾರ ಬೇಕೆಂದು ಕೇಳಿ 2018ರಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆ ಪಡೆದ ಅರ್ಜಿದಾರರಲ್ಲೂ ಅವರಿದ್ದರು.

ಸರ್ಕಾರದ ವಕೀಲರಾಗಿದ್ದುದೇ ಮುಂದೆ ವಿವಾದಕ್ಕೆ ದಾರಿಯಾಯಿತು. ಆ ಅವಧಿಯಲ್ಲಿ ವಿದೇಶಿ ನೆರವು ಪಡೆಯುವ ತಮ್ಮದೇ ಸಂಸ್ಥೆಯಿಂದ ಸಂಭಾವನೆ ಪಡೆದರೆಂಬುದು ಸರ್ಕಾರದ ಆಕ್ಷೇಪಗಳಲ್ಲೊಂದು. 2016ರಲ್ಲಿ ಸಂಸ್ಥೆಯ ವಿದೇಶಿ ದೇಣಿಗೆ ಪರವಾನಗಿಯನ್ನು ಮೊದಲು ಅಮಾನತಿನಲ್ಲಿಟ್ಟು ಬಳಿಕ ರದ್ದುಪಡಿಸಲಾಯಿತು. 2019ರಲ್ಲಿ ಸಿಬಿಐ ಮೊಕದ್ದಮೆ ಹೂಡಿತು. ಸಂಸ್ಥೆ ಆಪಾದನೆಗಳನ್ನು ಅಲ್ಲಗಳೆದು, ಸರ್ಕಾರಕ್ಕೆ ಒಗ್ಗದ ಮೊಕದ್ದಮೆಗಳನ್ನು ವಹಿಸಿಕೊಂಡದ್ದಕ್ಕೆ ಇದು ಪ್ರತೀಕಾರವೆಂದಿತು. ಆಪಾದನೆಯ ತೀರ್ಮಾನ ನ್ಯಾಯಾಲಯದ ಕೆಲಸ, ನನ್ನದಲ್ಲ. ವಿಮರ್ಶಕನಾಗಿ ನಾನು ಹೇಳುವುದಿಷ್ಟೆ: ಬಡವರ ಪರವಾದ ಸಂಸ್ಥೆ ದೂರದ ದೇಶದ ಹಣದ ಮೇಲೆಯೂ ಒಬ್ಬಿಬ್ಬರ ಹೆಸರಿನ ಮೇಲೆಯೂ ನಿಂತರೆ, ಒಂದು ಆದೇಶದಿಂದ ಅದನ್ನು ಅಲುಗಾಡಿಸಬಹುದು. ಆಗ ಬೀದಿಗೆ ಬೀಳುವವರು ವಕೀಲರಲ್ಲ, ಕಕ್ಷಿಗಾರರು. ಈ ಮಾತು ಆದೇಶ ಹೊರಡಿಸುವ ಕೈಗೂ ತಿಳಿದಿರಬೇಕು. ಗಣೇಶೋತ್ಸವಕ್ಕೆ, ವಾರ್ಷಿಕೋತ್ಸವಕ್ಕೆ ವರ್ಗಣಿ ಎತ್ತುವ ನಾವು ಕಾನೂನು ನೆರವಿಗೆಂದು ಒಂದು ರೂಪಾಯಿ ತೆಗೆದಿರಿಸಿದ್ದುಂಟೇ ಎಂದೂ ಈ ಸಂದರ್ಭದಲ್ಲಿ ಕೇಳಿಕೊಳ್ಳಬೇಕು.

ಕೊನೆಗೆ ಮತ್ತೆ ಫುಟ್‌ಪಾತಿಗೇ ಬರೋಣ. ಬುಲ್ಡೋಜರಿನಿಂದ ಮನೆ ಉರುಳಿಸುವ ಪದ್ಧತಿಯ ವಿರುದ್ಧ 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು, ಸೂರಿನ ಹಕ್ಕು 21ನೆಯ ವಿಧಿಯ ಭಾಗವೆಂದು ಹೇಳಿ, ಕೆಡಹುವ ಮೊದಲು 15 ದಿನಗಳ ನೋಟಿಸು ಕೊಡಬೇಕೆಂದು ವಿಧಿಸಿತು. ಓದಿ ಸಂತೋಷವಾಯಿತು. ಆಮೇಲೆ ಅಭ್ಯಾಸಬಲದಿಂದ ಕೊನೆಯ ಪುಟಗಳನ್ನು ತಿರುಗಿಸಿದೆ. ರಸ್ತೆ, ಫುಟ್‌ಪಾತ್, ರೈಲುಹಳಿಯ ಪಕ್ಕ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿರುವ ಅನಧಿಕೃತ ರಚನೆಗಳಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ ಎಂದಿತ್ತು.

ಮೂವತ್ತೊಂಬತ್ತು ವರ್ಷಗಳಲ್ಲಿ ಹಕ್ಕು ಬೆಳೆದು ದೊಡ್ಡದಾಗಿದೆ. ಅದನ್ನು ಮೊದಲು ಕೇಳಿದವನು ಮಾತ್ರ ಇನ್ನೂ ಬಾಗಿಲ ಹೊರಗೇ ನಿಂತಿದ್ದಾನೆ. ಇಂದಿರಾ ಜೈಸಿಂಗ್ ಅವರು ಬರೆಸಿದ ಪೀಠಿಕೆ ಅಳಿಯುವಂಥದ್ದಲ್ಲ; ಅವರ ಸ್ಥಾನ ಅದರಿಂದಲೇ ಭದ್ರವಾಗಿದೆ. ಕೊನೆಯ ಪುಟವನ್ನು ಇನ್ನೊಬ್ಬರು ಬರೆಯಬೇಕಾಗಿದೆ. ಅವರು ನಮ್ಮ ಮನೆಗಳಿಂದಲೇ ಕಾನೂನು ಕಾಲೇಜಿಗೆ ಹೋಗುತ್ತಿರುವ ಹುಡುಗ ಹುಡುಗಿಯರಲ್ಲೊಬ್ಬರು ಏಕಾಗಬಾರದು?