ಹುಲ್ಲು ಮತ್ತು ಇಟ್ಟಿಗೆಪುಡಿ

ಟೆನಿಸ್ ಆಟದ ಚರಿತ್ರೆಯನ್ನು ಹೇಳುವ ಬರಹಗಳಿಗೆ ಒಂದು ಸಿದ್ಧವಾದ ಅಚ್ಚು ಇದೆ. 1874ರಲ್ಲಿ ಮೇಜರ್ ವಿಂಗ್‌ಫೀಲ್ಡ್ ಪೇಟೆಂಟು ಪಡೆದದ್ದು, 1877ರಲ್ಲಿ ವಿಂಬಲ್ಡನ್ ಮೊದಲಾದದ್ದು, 1968ರಲ್ಲಿ ವೃತ್ತಿಪರರಿಗೆ ಬಾಗಿಲು ತೆರೆದದ್ದು, 1980ರಲ್ಲಿ ಬೋರ್ಗ್ ಮತ್ತು ಮೆಕೆನ್ರೋ ಆಡಿದ ಫೈನಲ್ಲು: ಇವಿಷ್ಟು ಮೈಲಿಗಲ್ಲುಗಳು. ರಾಜರ ಪಟ್ಟಾಭಿಷೇಕಗಳನ್ನು ಸಾಲಾಗಿ ಬರೆದು ಅದನ್ನೇ ದೇಶದ ಇತಿಹಾಸವೆಂದು ಶಾಲೆಯಲ್ಲಿ ನಮಗೆ ಒಪ್ಪಿಸಿದಂತೆ. ಆಟಗಾರನ ಕಾಲಡಿಯ ನೆಲದ ಮಾತು ಈ ಬರಹಗಳಲ್ಲಿ ಬಂದರೆ ಅಡಿಟಿಪ್ಪಣಿಯಾಗಿ ಬರುತ್ತದೆ. ಕೋಲಾರದ ಕಡೆಯವನಾದ ನನಗೆ ಈ ಕೊರತೆ ಸಣ್ಣದೆಂದು ತೋರುವುದಿಲ್ಲ.

ಈ ಆಟ ಹುಟ್ಟಿದ್ದು ಮಳೆಯ ದೇಶದಲ್ಲಿ. ಹುಲ್ಲು ತಾನಾಗಿಯೇ ಬೆಳೆಯುವ ಕಡೆ ಅದನ್ನು ಕತ್ತರಿಸುವ ಯಂತ್ರವೂ, ಹುಲ್ಲಿನ ಮೇಲೆ ಪುಟಿಯಬಲ್ಲ ರಬ್ಬರಿನ ಚೆಂಡೂ ದೊರೆತ ಮೇಲೆ ಇನ್ನೇನು ಬೇಕು? ಅದೇ ಆಟ ಬಿಸಿಲಿನ ಸೀಮೆಗೆ ಹೋದಾಗ ತೊಂದರೆ ಮೊದಲಾಯಿತು. 1880ರ ಸುಮಾರಿನಲ್ಲಿ ಫ್ರಾನ್ಸಿನ ಕಡಲತಡಿಯ ಕಾನ್ ಪಟ್ಟಣದಲ್ಲಿ ರೆನ್‌ಷಾ ಸೋದರರು, ಬಾಡಿಹೋದ ಹುಲ್ಲಿನ ಮೇಲೆ ಕೆಟ್ಟ ಮಡಕೆಗಳನ್ನು ಕುಟ್ಟಿದ ಪುಡಿಯನ್ನು ಹರಡಿಸಿದರೆಂದು ಹೇಳುತ್ತಾರೆ. ಕುಂಬಾರನ ಆವಿಗೆಯಿಂದ ಹೊರಗೆ ಎಸೆದ ಮಡಕೆ! ಆ ಪುಡಿಯ ಮೇಲೆ ಚೆಂಡಿನ ವೇಗ ಕುಗ್ಗಿತು, ಅದು ಎತ್ತರಕ್ಕೆ ಪುಟಿಯಿತು. ಸರ್ವೀಸಿನ ಬಲವೊಂದನ್ನೇ ನಂಬಿದವನಿಗೆ ಅಲ್ಲಿ ಸುಲಭದ ಗೆಲುವಿಲ್ಲ. ಕಾದು, ಓಡಿ, ಯೋಚಿಸಿ ಆಡುವವನಿಗೆ ಅವಕಾಶವುಂಟು. ಟೆನಿಸ್ಸಿನೊಳಗೆ ಇನ್ನೊಂದು ಟೆನಿಸ್ ಹುಟ್ಟಿದ್ದು ಹೀಗೆ. ಮಾಲೂರಿನ ಹೆಂಚು, ಇಟ್ಟಿಗೆ ಗೂಡುಗಳ ಪಕ್ಕದಲ್ಲಿ ಕೆಂಪು ಚೂರುಗಳ ರಾಶಿಯನ್ನು ಕಂಡವರಿಗೆ ಪ್ಯಾರಿಸ್ಸಿನ ರೋಲಾಂ ಗಾರೋ ಅಂಕಣದ ಬಣ್ಣ ಹೊಸದಲ್ಲ. ಅಲ್ಲಿಯೂ ಮೇಲೆ ಹರಡಿರುವುದು ಒಂದೆರಡು ಮಿಲಿಮೀಟರು ದಪ್ಪದ ಇಟ್ಟಿಗೆಪುಡಿ, ಅಷ್ಟೆ.

ನಮ್ಮ ಜಿಲ್ಲೆಗೆ ಟೆನಿಸ್ ಬಂದದ್ದು ಚಿನ್ನದ ಬೆನ್ನು ಹಿಡಿದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿಗಳ ಆಡಳಿತ ಹಿಡಿಯಿತು; ಹಿಂದೆಯೇ ಬಂಗಲೆ, ಕ್ಲಬ್ಬು, ಗಾಲ್ಫು, ಟೆನಿಸ್ಸು. ಊರಿಗೆ ಪುಟ್ಟ ಇಂಗ್ಲೆಂಡ್ ಎಂಬ ಹೆಸರೂ ಬಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದು ಗಣಿಯನ್ನು ಮುಟ್ಟಿತು. ಕಾರ್ಮಿಕರ ಸಾಲುಮನೆಗೂ ಕ್ಲಬ್ಬಿನ ಅಂಕಣಕ್ಕೂ ಇದ್ದ ದೂರವನ್ನು ಮಾತ್ರ ಅದು ಕಡಿಮೆ ಮಾಡಲಿಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಮಾತು ಹೇಳುವುದೇ ಬೇಡ.

ನೆಲವನ್ನು ಮರೆತ ವಿಮರ್ಶೆ ಆಟಗಾರನಿಗೂ ಅನ್ಯಾಯ ಮಾಡುತ್ತದೆ. ದಕ್ಷಿಣ ದೇಶದ ಅನೇಕ ಅಂಕಣಗಳು ನಮ್ಮ ಮನೆಯಂಗಳದಂತೆ ಸಗಣಿ ಸಾರಿಸಿದ ಮಣ್ಣಿನವಾಗಿದ್ದವು. ಆ ದಕ್ಷಿಣದಿಂದ ಹೋದ ರಾಮನಾಥನ್ ಕೃಷ್ಣನ್ ವಿಂಬಲ್ಡನ್ ಸೆಮಿಫೈನಲ್ಲಿನಲ್ಲಿ 1960ರಲ್ಲಿ ಫ್ರೇಸರ್‌ಗೂ 1961ರಲ್ಲಿ ಲೇವರ್‌ಗೂ ಸೋತರು. ಇಬ್ಬರೂ ಆಯಾ ವರ್ಷದ ವಿಜೇತರು. ಕೃಷ್ಣನ್ನರ ಆಟ ಕೋಮಲ, ಆದರೆ ಬಲ ಸಾಲದು ಎಂದು ತೀರ್ಪು ಕೊಟ್ಟವರು, ಆಗ ನಾಲ್ಕು ಮಹಾಪಂದ್ಯಾವಳಿಗಳಲ್ಲಿ ಮೂರು ಹುಲ್ಲಿನ ಮೇಲೆಯೇ ನಡೆಯುತ್ತಿದ್ದವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ನೆಲ ಬೇರೆಯಾಗಿದ್ದರೆ ಅವರು ಗೆದ್ದೇಬಿಡುತ್ತಿದ್ದರು ಎಂದು ನಾನೂ ವಾದಿಸಲಾರೆ. ಪ್ಯಾರಿಸ್ಸಿನ ಕೆಂಪು ನೆಲದಲ್ಲಿ ಅವರು ಸೆಮಿಫೈನಲ್ಲನ್ನೇ ಮುಟ್ಟಲಿಲ್ಲ. ಆದರೆ ಪ್ರಶ್ನೆಯನ್ನು ಕೇಳಬೇಕಾದದ್ದು ವಿಮರ್ಶಕನ ಕೆಲಸ.

1968ರ ಮಹತ್ತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಹವ್ಯಾಸಿ ಎಂಬ ಹೆಸರಿನಲ್ಲಿ ಮರೆಯಿಂದ ಹಣ ಕೊಡುತ್ತಿದ್ದ ಬೂಟಾಟಿಕೆ ಅದರಿಂದ ಕೊನೆಗೊಂಡಿತು. ಬಾಗಿಲು ತೆರೆಯಿತು ಎನ್ನುವವರು ಯಾರಿಗೆ ಎಂದು ಒಂದು ಮಾತು ಸೇರಿಸಿದ್ದರೆ ಚೆನ್ನಾಗಿತ್ತು. ಮರದ ಬ್ಯಾಟು ಹೋಗಿ ಗ್ರಾಫೈಟು ಬಂದ ಕಥೆಯನ್ನು ಎಲ್ಲರೂ ಹೇಳಿದ್ದಾರೆ. ಅದು ಇಲ್ಲಿ ಬೇಡ. ಅಮೆರಿಕದ ಪಂದ್ಯಾವಳಿ 1974ರ ನಂತರ ಹುಲ್ಲನ್ನು ಬಿಟ್ಟು, ಮೂರು ವರ್ಷ ಮಣ್ಣಿನ ಮೇಲೆ ನಡೆದು, 1978ರಲ್ಲಿ ಗಟ್ಟಿ ನೆಲಕ್ಕೆ ಬಂತು. ಆಸ್ಟ್ರೇಲಿಯ 1988ರಲ್ಲಿ ಅದೇ ದಾರಿ ಹಿಡಿಯಿತು. ಹುಲ್ಲಿಗೆ ನೀರು ಬೇಕು. ಕೆಂಪು ಪುಡಿಗೂ ನಿತ್ಯ ನೀರು ಚಿಮುಕಿಸದಿದ್ದರೆ ಗಾಳಿಗೆ ಹಾರುತ್ತದೆ. ಗಟ್ಟಿ ನೆಲಕ್ಕೆ ಮಾತ್ರ ಆ ಹಂಗಿಲ್ಲ. ಕೆರೆಗಳನ್ನೇ ನಂಬಿ ಬದುಕಿದ ಕೋಲಾರದವರು 1877ರ ಪಕ್ಕದಲ್ಲಿ ಈ ಎರಡು ಇಸವಿಗಳನ್ನೂ ಬರೆದುಕೊಳ್ಳಬೇಕು.