ಸೆಕೆಂಡ್ ಹ್ಯಾಂಡ್ ಕಾರು: ಲಾಭ ಯಾರಿಗೆ?

ಕಾರು ಕೊಳ್ಳುವ ಮಾತು ಬಂದ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. 'ಹೊಸದನ್ನೇ ತಗೊಳ್ಳಿ, ಹತ್ತು ವರ್ಷ ತಲೆನೋವಿರಲ್ಲ' ಎನ್ನುವವರು ಒಂದು ಕಡೆ. 'ಅರ್ಧ ದುಡ್ಡಿಗೆ ಅದೇ ಗಾಡಿ ಸಿಗುವಾಗ ಶೋರೂಮಿನವರಿಗೆ ಯಾಕೆ ಸುರೀಬೇಕು' ಎನ್ನುವವರು ಇನ್ನೊಂದು ಕಡೆ. ಈಚೆಗೆ ಎರಡನೆಯ ಪಕ್ಷದ ದನಿ ಜೋರಾಗಿದೆ; ಹಣಕಾಸಿನ ಸಲಹೆ ಕೊಡುವವರಲ್ಲಿ ಬಹಳ ಮಂದಿ ಹಳೆಯ ಕಾರೇ ಜಾಣರ ಆಯ್ಕೆ ಎನ್ನುತ್ತಾರೆ. ಈ ಜಾಣತನ ನಮ್ಮ ರಾಜ್ಯದ ತೆರಿಗೆ, ನಮ್ಮ ಬ್ಯಾಂಕುಗಳ ಬಡ್ಡಿ, ನಮ್ಮ ಆರ್‌ಟಿಒ ಕಚೇರಿಗಳನ್ನು ದಾಟಿ ಬಂದ ಮೇಲೆ ಎಷ್ಟು ಉಳಿಯುತ್ತದೆ ಎಂಬುದನ್ನು ಮಾತ್ರ ಯಾರೂ ಕೂತು ಕೂಡಿ ಕಳೆಯುವುದಿಲ್ಲ.

ಹಳೆಯ ಕಾರಿನ ಪರವಾಗಿರುವ ವಾದ ಗಟ್ಟಿಯಾದದ್ದೇ. ಕಾರಿನ ಬೆಲೆ ಮೊದಲ ವರ್ಷಗಳಲ್ಲೇ ಹೆಚ್ಚು ಇಳಿಯುತ್ತದೆ. ವಿಮೆಯವರು ಗಾಡಿಯ ಮೌಲ್ಯ, ಅಂದರೆ ಐಡಿವಿ, ನಿಗದಿ ಮಾಡಲು ಬಳಸುವ ಪಟ್ಟಿ ನೋಡಿ: ಒಂದು ವರ್ಷ ತುಂಬುವಷ್ಟರಲ್ಲಿ ಶೇ 15 ಕಳೆಯುತ್ತಾರೆ, ಎರಡಕ್ಕೆ ಶೇ 20, ಮೂರಕ್ಕೆ ಶೇ 30, ನಾಲ್ಕಕ್ಕೆ ಶೇ 40, ಐದಕ್ಕೆ ಶೇ 50. ಅದೂ ಶೋರೂಂ ಬೆಲೆಯ ಮೇಲೆ. ಮೊದಲ ಮಾಲೀಕ ಕೊಟ್ಟ ರಸ್ತೆ ತೆರಿಗೆ, ನೋಂದಣಿ, ವಿಮೆಯ ದುಡ್ಡು ಈ ಲೆಕ್ಕಕ್ಕೇ ಬರುವುದಿಲ್ಲ.

ಕರ್ನಾಟಕದಲ್ಲಿ ಈ ವಾದಕ್ಕೆ ಇನ್ನಷ್ಟು ತೂಕವಿದೆ. ಪೆಟ್ರೋಲ್, ಡೀಸೆಲ್ ಕಾರುಗಳ ಮೇಲಿನ ನಮ್ಮ ಜೀವಾವಧಿ ತೆರಿಗೆ ದೇಶದ ಅತಿ ದುಬಾರಿ ತೆರಿಗೆಗಳ ಸಾಲಿನಲ್ಲಿದೆ. 5ರಿಂದ 10 ಲಕ್ಷದ ಕಾರಿಗೆ ಶೇ 14, 10ರಿಂದ 20 ಲಕ್ಷದ್ದಕ್ಕೆ ಶೇ 17, ಇದರ ಮೇಲೆ ಸೆಸ್. 8 ಲಕ್ಷದ ಕಾರು ಮನೆಗೆ ಬರುವ ಮೊದಲೇ ಒಂದೂಕಾಲು ಲಕ್ಷದಷ್ಟು ಖಜಾನೆಗೆ ಹೋಗಿರುತ್ತದೆ. ರಾಜ್ಯದೊಳಗೇ ಗಾಡಿ ಕೈ ಬದಲಾದರೆ ಆ ತೆರಿಗೆ ಗಾಡಿಯ ಜೊತೆಗೇ ಹೋಗುತ್ತದೆ. ಎರಡನೆಯವನು ಮತ್ತೆ ಕಟ್ಟಬೇಕಿಲ್ಲ. ಕೆಎ ನಂಬರಿನ ಹಳೆಯ ಕಾರು ಕೊಂಡವನಿಗೆ ಸಿಗುವ ಈ ಲಾಭವನ್ನು ಚೌಕಾಸಿ ಮಾಡುವಾಗ ಯಾರೂ ಎತ್ತಿ ಆಡುವುದಿಲ್ಲ.

ಒಂದು ಅಂದಾಜಿನ ಲೆಕ್ಕ ಹಾಕೋಣ. ಶೋರೂಂ ಬೆಲೆ 8 ಲಕ್ಷದ ಪೆಟ್ರೋಲ್ ಕಾರು. ತೆರಿಗೆ, ವಿಮೆ ಎಲ್ಲ ಸೇರಿ ಆನ್ ರೋಡ್ 9.7 ಲಕ್ಷ. ಮೂವರು ಇದನ್ನು ಮೂರು ಬಗೆಯಲ್ಲಿ ಬಳಸುತ್ತಾರೆ. ಮೊದಲನೆಯವನು ಹೊಸದಾಗಿ ಕೊಂಡು ಐದು ವರ್ಷಕ್ಕೆ 4 ಲಕ್ಷಕ್ಕೆ ಮಾರುತ್ತಾನೆ. ಕಳೆದುಕೊಂಡದ್ದು 5.7 ಲಕ್ಷ, ವರ್ಷಕ್ಕೆ 1.14 ಲಕ್ಷ. ಎರಡನೆಯವನು ಅದನ್ನೇ 4 ಲಕ್ಷಕ್ಕೆ ಕೊಂಡು, ಟೈರ್, ಬ್ಯಾಟರಿ, ಕ್ಲಚ್ ಪ್ಲೇಟ್ ಎಂದು ಕೂಡಲೇ 40 ಸಾವಿರ ಹಾಕುತ್ತಾನೆ. ಹಳೆಯ ಗಾಡಿಯ ರಿಪೇರಿಗೆಂದು ವರ್ಷಕ್ಕೆ 15 ಸಾವಿರ ಹೆಚ್ಚುವರಿ ಖರ್ಚು ಮಾಡಿ, ಇನ್ನೈದು ವರ್ಷ ಓಡಿಸಿ 2 ಲಕ್ಷಕ್ಕೆ ಕೊಡುತ್ತಾನೆ. ಅವನ ವರ್ಷದ ಖರ್ಚು 63 ಸಾವಿರ. ಮೂರನೆಯವನು ಹೊಸದು ಕೊಂಡು 12 ವರ್ಷ ಇಟ್ಟುಕೊಳ್ಳುತ್ತಾನೆ. ಆರನೇ ವರ್ಷದಿಂದ ಅವನೂ ಅದೇ 15 ಸಾವಿರದ ರಿಪೇರಿ ಮಾಡಿಸಿ, ಕೊನೆಗೆ 1.2 ಲಕ್ಷಕ್ಕೆ ಮಾರುತ್ತಾನೆ. ಅವನಿಗೆ ವರ್ಷಕ್ಕೆ ಬೀಳುವುದು ಸುಮಾರು 80 ಸಾವಿರ.

ಇಷ್ಟಕ್ಕೆ ನಿಲ್ಲಿಸಿದರೆ ಹಳೆಯ ಕಾರಿನವನು ಗೆದ್ದ. ಅವನ ಕೈಯಲ್ಲಿ ಉಳಿದ 5.3 ಲಕ್ಷ ಶೇ 6.5ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 34 ಸಾವಿರ ಬಡ್ಡಿ ಬೇರೆ. ಆದರೆ ನಗದು ಎಣಿಸಿ ಕಾರು ಕೊಳ್ಳುವವರು ಎಷ್ಟು ಜನ? ನಮ್ಮ ಹೆಚ್ಚಿನ ಕಾರುಗಳು ಸಾಲದ ಮೇಲೇ ಮನೆಗೆ ಬರುವುದು. ಹಳೆಯ ಕಾರಿನ ವಾದ ಎಡವುವುದು ಇಲ್ಲೇ. ಹೊಸ ಕಾರಿಗೆ ಶೇ 9ರ ಸುಮಾರಿಗೆ ಸಾಲ ಕೊಡುವ ಬ್ಯಾಂಕು, ಹಳೆಯದಕ್ಕೆ ಶೇ 12, 14, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕೇಳುತ್ತದೆ. 8 ಲಕ್ಷವನ್ನು ಶೇ 9ರ ಬಡ್ಡಿಗೆ ತಂದು ಐದು ವರ್ಷದ ಕಂತು ಕಟ್ಟಿದರೆ ಒಟ್ಟು ಬಡ್ಡಿ 1.96 ಲಕ್ಷ. ಅದರ ಅರ್ಧ, ಅಂದರೆ 4 ಲಕ್ಷವನ್ನು ಶೇ 14ಕ್ಕೆ ತಂದರೆ ಬಡ್ಡಿ 1.58 ಲಕ್ಷ. ಸಾಲ ಅರ್ಧವಾದರೂ ಬಡ್ಡಿ ಅರ್ಧವಾಗಲಿಲ್ಲ.

ಈ ಬಡ್ಡಿಯನ್ನು ಮೇಲಿನ ಲೆಕ್ಕಕ್ಕೆ ಸೇರಿಸಿ. ಹಳೆಯ ಕಾರಿನವನ ವರ್ಷದ ಖರ್ಚು ಸುಮಾರು 95 ಸಾವಿರಕ್ಕೆ ಏರುತ್ತದೆ. ಹೊಸದು ಕೊಂಡು 12 ವರ್ಷ ಇಟ್ಟುಕೊಂಡವನದು 96 ಸಾವಿರ. ಇಬ್ಬರೂ ಸಮ. ಒಬ್ಬ ಅದೇ ದುಡ್ಡಿಗೆ ಹೊಸ ಗಾಡಿ ಓಡಿಸಿದ, ಇನ್ನೊಬ್ಬ ಐದು ವರ್ಷ ಸವೆದದ್ದನ್ನು. ಪೂರ್ತಿ ಸೋತವನು ಐದೈದು ವರ್ಷಕ್ಕೆ ಹೊಸದು ಬದಲಾಯಿಸುವ ಮೊದಲನೆಯವನು. ಅವನಿಗೆ ವರ್ಷಕ್ಕೆ ಒಂದೂವರೆ ಲಕ್ಷ ಮೀರುತ್ತದೆ. ಹಳೆಯ ಕಾರಿನ ಸಾಲವನ್ನು ಮೂರೇ ವರ್ಷಕ್ಕೆ ತೀರಿಸಬಲ್ಲವನಿಗೆ ಬಡ್ಡಿ 92 ಸಾವಿರಕ್ಕೆ ಇಳಿಯುತ್ತದೆ, ಗೆಲುವು ಮತ್ತೆ ಅವನ ಕಡೆ ವಾಲುತ್ತದೆ. ಅಂದರೆ ಹೊಸತೋ ಹಳತೋ ಎಂಬ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಗಳು ಎರಡಿವೆ: ಎಷ್ಟು ಸಾಲ, ಎಷ್ಟು ವರ್ಷ.

ಇನ್ನು ಗಾಡಿಯ ಗುಣ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧ ಹಳೆಯ ಕಾರುಗಳ ಸಂತೆಯನ್ನೇ ಉದಾಹರಣೆಗೆ ತೆಗೆದುಕೊಂಡಿತ್ತು. ಇಂಥ ಮಾರುಕಟ್ಟೆಗಳ ಅಧ್ಯಯನಕ್ಕಾಗಿ 2001ರಲ್ಲಿ ಅವರು ನೊಬೆಲ್ ಹಂಚಿಕೊಂಡರು. ಅವರ ವಾದ ಸರಳ. ಮಾರುವವನಿಗೆ ಗಾಡಿಯ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಸಾಧಾರಣ ಗಾಡಿಯ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲು ಒಪ್ಪುವುದಿಲ್ಲ, ಮಾರುಕಟ್ಟೆಯಲ್ಲಿ ಕಳಪೆಯೇ ಹೆಚ್ಚುತ್ತದೆ. ನಮ್ಮಲ್ಲೂ ನಡೆಯುವುದು ಇದೇ. ಚೆನ್ನಾಗಿ ನೋಡಿಕೊಂಡ ಕಾರು ಭಾವಮೈದುನನಿಗೋ ಆಫೀಸಿನ ಸಹೋದ್ಯೋಗಿಗೋ ಬಾಯಿಮಾತಿನಲ್ಲೇ ಹೋಗಿಬಿಡುತ್ತದೆ. ಬ್ರೋಕರನ ಅಂಗಳಕ್ಕೆ ಬರುವುದು ಉಳಿದದ್ದು. ಮಾರುತಿ 2001ರಲ್ಲಿ ಶುರುಮಾಡಿದ ಟ್ರೂ ವ್ಯಾಲ್ಯೂ ಥರದ ಮಳಿಗೆಗಳು ಮಾರುವುದು ಗಾಡಿಯ ಜೊತೆಗೆ ನಂಬಿಕೆಯನ್ನು. ಆ ನಂಬಿಕೆಗೂ ಬೆಲೆಯಿದೆ, ಅದೂ ಉಳಿತಾಯದಿಂದಲೇ ಕಳೆಯುತ್ತದೆ.

ಬ್ರೋಕರನ ಅಂಗಳದಲ್ಲಿ ಎಲ್ಲ ಗಾಡಿಯೂ 'ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು'. 2021ರ ಗಾಡಿ, ಮೀಟರಿನಲ್ಲಿ 32 ಸಾವಿರ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಒಳ್ಳೆಯ ಮೆಕ್ಯಾನಿಕ್ ಮೀಟರ್ ನೋಡುವುದೇ ಇಲ್ಲ; ಕುಕ್ಕರಗಾಲಲ್ಲಿ ಕೂತು ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕಂಕಿ ಓದುತ್ತಾನೆ. 1024 ಎಂದಿದ್ದರೆ ಟೈರ್ ತಯಾರಾದದ್ದು 2024ರ 10ನೇ ವಾರ. ನಾಲ್ಕೂ ಟೈರ್ ಹಾಗೇ ಇದ್ದರೆ, ಅಷ್ಟು ಕಡಿಮೆ ಓಡಿದ ಗಾಡಿಗೆ ಮೂರೇ ವರ್ಷದಲ್ಲಿ ಹೊಸ ಟೈರ್ ಯಾಕೆ ಬೇಕಾಯಿತು? ಆಮೇಲೆ ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದೆಯೇ, ಡ್ರೈವರ್ ಸೀಟಿನ ಅಂಚು ಕುಸಿದಿದೆಯೇ ಎಂದು ಕೈಯಾಡಿಸುತ್ತಾನೆ. ಬಾನೆಟ್ಟಿನ ಬೋಲ್ಟುಗಳ ಮೇಲೆ ಬಣ್ಣ ಎದ್ದಿದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆಂದೇ ಅರ್ಥ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದಾಗ ಕೆಸರಿನ ಕಲೆ ಕಂಡರೆ ಗಾಡಿ ನೀರಿನಲ್ಲಿ ನಿಂತಿತ್ತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಮುಳುಗಿದ ಕಾರುಗಳನ್ನು ಟಿವಿಯಲ್ಲಿ ನೋಡಿದವರಿಗೆ ಈ ಪರೀಕ್ಷೆ ಅತಿಯೆನಿಸದು. ಗಾಡಿಯನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಇಷ್ಟೆಲ್ಲ ನೋಡಿಸಲು ಮೆಕ್ಯಾನಿಕ್‌ಗೆ ಕೊಡುವ ಸಾವಿರವೋ ಎರಡು ಸಾವಿರವೋ ಈ ವ್ಯವಹಾರದಲ್ಲೇ ಅತ್ಯಂತ ಸಾರ್ಥಕವಾದ ಖರ್ಚು. ಅದನ್ನು ಉಳಿಸಲು ಹೋದವರಿಗೇ ಮುಂದೆ ಮೂಗಿಗಿಂತ ಮೂಗುತಿ ಭಾರವಾಗುವುದು.

ಕಾಗದಪತ್ರದ ಉದಾಸೀನ ಇನ್ನೂ ದುಬಾರಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ನಮ್ಮಲ್ಲಿ 29, 30ನೇ ನಮೂನೆಗಳಿಗೆ ಸಹಿ ಹಾಕಿಸಿಕೊಂಡು ಡ್ರಾಯರಿನಲ್ಲಿ ಇಟ್ಟುಬಿಡುವುದು ರೂಢಿ. ಮಾರಿದವನ ಹೆಸರು ಆರ್‌ಸಿಯಲ್ಲಿ ಉಳಿದಿರುವಷ್ಟು ಕಾಲ ಅಪಘಾತದ ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಕೊಂಡವನಿಗೂ ತಪ್ಪಿದ್ದಲ್ಲ: ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಮೂರನೆಯವರಿಗೆ ಆದ ಹಾನಿಗೆ ರಕ್ಷಣೆ ಸಿಕ್ಕೀತು, ಸ್ವಂತ ಗಾಡಿಯ ಹಾನಿಗೆ ದುಡ್ಡು ಬರುವುದಿಲ್ಲ. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಅವನ ಜೊತೆಗೇ ಹೋಗುತ್ತದೆ. ಸಾಲ ತೀರಿದೆಯೇ, ದಂಡ ಬಾಕಿ ಇದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಬೇಕು.

ದೆಹಲಿಯ ಅಗ್ಗದ ಡೀಸೆಲ್ ಕಾರಿನ ಆಸೆಯೂ ಇದೇ ಜಾತಿಯದು. ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ಕೋರ್ಟು ತಡೆ ಒಡ್ಡಿದ ಮೇಲೆ ಅವು ಬೇರೆ ರಾಜ್ಯಗಳಿಗೆ ಇಳಿಬೆಲೆಗೆ ಹೊರಟವು. ಎನ್‌ಒಸಿ ತರಿಸಿ, ಗಾಡಿಯ ವಯಸ್ಸಿಗೆ ತಕ್ಕ ತೆರಿಗೆ ಇಲ್ಲಿ ಕಟ್ಟಿ, ಹೊಸ ನಂಬರ್ ಹಾಕಿಸುವಷ್ಟರಲ್ಲಿ ಅಗ್ಗವೆಂಬುದು ಉಳಿದಿರುವುದಿಲ್ಲ.

ಹಳೆಯದೆಂದರೆ ಯಾವ ವರ್ಷದ್ದು ಎಂಬುದೂ ಮುಖ್ಯ. 2019ರ ಏಪ್ರಿಲ್‌ಗೆ ಮುಂಚಿನ ಅಗ್ಗದ ಮಾದರಿಗಳಲ್ಲಿ ಎಬಿಎಸ್ ಬ್ರೇಕ್ ಇಲ್ಲದಿರಬಹುದು. ಡ್ರೈವರ್ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಎಲ್ಲ ಕಾರುಗಳಲ್ಲಿ ಕಡ್ಡಾಯವಾದದ್ದು 2022ರಲ್ಲಿ. 2020ರ ಏಪ್ರಿಲ್‌ನಿಂದ ಹೊಗೆ ಮಿತಿಯ ಬಿಎಸ್-6 ನಿಯಮ. ಬಂಕುಗಳಲ್ಲಿ ಈಗ ಸಿಗುವ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ಕ್ಕಿಂತ ಹಳೆಯ ಹಲವು ಎಂಜಿನ್‌ಗಳು ತಯಾರಾದವಲ್ಲ. ಇದರ ಮೇಲೆ 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಸೆಸ್ ಹೋಯಿತು. 8 ಲಕ್ಷದ ಪೆಟ್ರೋಲ್ ಕಾರಿಗೆ ಅಂದಾಜು 68 ಸಾವಿರ ಕಡಿಮೆ. ಹೊಸದರ ಬೆಲೆ ಇಳಿದದ್ದನ್ನು ಮರೆಮಾಚಿ ಹಳೆಯದಕ್ಕೆ ಹಳೆಯ ಬೆಲೆಯನ್ನೇ ಹೇಳುವವರ ಹತ್ತಿರ ಈ ಅಂಕಿಯನ್ನೇ ಹಿಡಿದು ಮಾತಾಡಬೇಕು.

ಹೀಗೆ ಎಲ್ಲ ಕೂಡಿ ಕಳೆದರೆ ತೀರ್ಪು ಮೂರು ತುಂಡಾಗಿ ಬರುತ್ತದೆ. ಕೈಯಲ್ಲಿ ನಗದಿದ್ದರೆ, ಅಥವಾ ಸಣ್ಣ ಸಾಲವನ್ನು ಮೂರು ವರ್ಷದೊಳಗೆ ತೀರಿಸಬಲ್ಲಿರಾದರೆ, ಮೂರರಿಂದ ಐದು ವರ್ಷ ಹಳೆಯ ಕೆಎ ನಂಬರಿನ ಪೆಟ್ರೋಲ್ ಕಾರು ಲಾಭ. ಅದೂ ಗುರುತಿನವರ ಕೈಯಿಂದ, ಸರ್ವಿಸ್ ದಾಖಲೆಯ ಸಮೇತ ಸಿಕ್ಕರೆ. ಐದು ವರ್ಷದ ಸಾಲ ಮಾಡಲೇಬೇಕೆಂದರೆ ಸ್ವಲ್ಪ ಸಣ್ಣದಾದರೂ ಹೊಸ ಕಾರನ್ನೇ ಕೊಂಡು ಹತ್ತು ಹನ್ನೆರಡು ವರ್ಷ ಓಡಿಸಿ. ಕಂತು ಮುಗಿಯುತ್ತಿದ್ದಂತೆ ಕಾರು ಬದಲಿಸುವ ಚಟವಿದ್ದರೆ ಮಾತ್ರ ಯಾವ ಲೆಕ್ಕವೂ ನಿಮ್ಮನ್ನು ಕಾಯುವುದಿಲ್ಲ. ಆಗ ಸೆಕೆಂಡ್ ಹ್ಯಾಂಡ್ ಕಾರಿನ ಲಾಭವೆಲ್ಲ ನಿಮ್ಮಿಂದ ಕೊಳ್ಳುವವನದೇ.