ಅಚ್ಚು ಬಂದರೂ ಅಳಿಯದ ಕೈಬರಹ

ಅಚ್ಚು ಕಾಲಿಟ್ಟ ಕಡೆ ಕೈಬರಹ ಜಾಗ ಬಿಡುತ್ತದೆ ಎಂಬ ನಂಬಿಕೆ ಹಳೆಯ ಪುಸ್ತಕಗಳನ್ನು ಪ್ರೀತಿಸುವವರಲ್ಲೂ ಗಟ್ಟಿಯಾಗಿದೆ. ಚೀನಾದ ಸೊಂಗ್ ಕಾಲದ ಮರದಚ್ಚಿನ ಪುಸ್ತಕಗಳು ಜಪಾನಿನಲ್ಲಿ ಬಾಳಿದ ರೀತಿ ಇದನ್ನು ಒಪ್ಪುವುದಿಲ್ಲ. 1010ರಲ್ಲಿ ಜಪಾನಿನ ಆಸ್ಥಾನದ ಪ್ರಬಲ ಮುಖಂಡ ಫುಜಿವಾರ ನೊ ಮಿಚಿನಾಗ ಚಕ್ರವರ್ತಿಗೆ ‘ವೆನ್‌ಶ್ವಾನ್’ ಸಂಕಲನವನ್ನೂ ಕವಿ ಬಾಯ್ ಜೂಯಿಯ ಕೃತಿಗಳನ್ನೂ ಅಚ್ಚಿನ ಪ್ರತಿಗಳಲ್ಲಿ ಒಪ್ಪಿಸಿದ. ಅವುಗಳನ್ನು ಇಟ್ಟದ್ದು ಹೊಂಬಣ್ಣದ ಚಿತ್ತಾರವಿದ್ದ ಅರಗಿನ ಪೆಟ್ಟಿಗೆಗಳಲ್ಲಿ. 1179ರಲ್ಲಿ ಸಮರನಾಯಕ ತೈರಾ ನೊ ಕಿಯೊಮೊರಿಯ ಕೈಗೆ ಸಾವಿರ ಅಧ್ಯಾಯಗಳ ವಿಶ್ವಕೋಶ ‘ತೈಪಿಂಗ್ ಯುಲಾನ್’ ಬಂತು. ಆಗಿನ ದಿನಚರಿಯೊಂದರ ಪ್ರಕಾರ ಅವನು ಅದನ್ನು ಕೈಯಿಂದ ನಕಲು ಮಾಡಿಸಿ ಇಟ್ಟುಕೊಂಡು, ಅಚ್ಚಿನ ಪ್ರತಿಯನ್ನು ಅರಮನೆಗೆ ಕೊಡಲು ಹೊರಟ. ಅಷ್ಟು ದೊಡ್ಡ ಗ್ರಂಥವನ್ನು ಬರೆಸಿಕೊಳ್ಳಲು ಹಿಂಜರಿಯದವನಿಗೆ ಅಚ್ಚು ಒಂದು ಒಳ್ಳೆಯ ಮೂಲಪ್ರತಿ, ಅಷ್ಟೆ.

ಅಚ್ಚಿನ ವಿದ್ಯೆ ತಿಳಿಯದೆ ಹೀಗಾಯಿತೆನ್ನುವಂತಿಲ್ಲ. 770ರ ಹೊತ್ತಿಗೇ ಪುಟ್ಟ ಮರದ ಸ್ತೂಪಗಳಲ್ಲಿ ಇಡಲೆಂದು ಜಪಾನಿನಲ್ಲಿ ಧಾರಣಿ ಮಂತ್ರಗಳನ್ನು ರಾಶಿರಾಶಿಯಾಗಿ ಅಚ್ಚುಹಾಕಿದ್ದರು. 1088ರಲ್ಲಿ ನಾರಾದ ಕೊಫುಕುಜಿ ವಿಹಾರದಲ್ಲಿ ಬೌದ್ಧಶಾಸ್ತ್ರಗ್ರಂಥವೊಂದು ಅಚ್ಚಾಯಿತು. ವಿದ್ವತ್ತನ್ನು ವಂಶದ ಸೊತ್ತಾಗಿ ಕಾಯುತ್ತಿದ್ದ ಕಿಯೊಹಾರದಂಥ ಮನೆತನಗಳ ಹಟವೇ ಕೈಬರಹ ಉಳಿದದ್ದಕ್ಕೆ ಕಾರಣ ಎಂಬ ಇನ್ನೊಂದು ವಾದವಿದೆ. ಅದರಲ್ಲಿ ಹುರುಳಿದೆ, ಆದರೆ ಅದು ಅರ್ಧ ಮಾತು. ಬಾಯ್ ಜೂಯಿ ಬದುಕಿದ್ದಾಗಲೇ, 844ರಲ್ಲಿ, ಎಗಾಕು ಎಂಬ ಜಪಾನಿ ಭಿಕ್ಷು ಚೀನಾದ ಸುಜೌನಲ್ಲಿ ಆ ಕವಿಯ ಕೃತಿಗಳನ್ನು ನಕಲು ಮಾಡಿಸಿ ತಂದಿದ್ದ. 1230ರ ದಶಕದಲ್ಲಿ ಸಿದ್ಧವಾಗಿ, ಮುಂದೆ ಕನಜಾವ ಗ್ರಂಥಭಂಡಾರ ಸೇರಿದ ಪ್ರತಿಗಳು ಆ ಪರಂಪರೆಯವು. ಅಂಚಿನಲ್ಲಿ ಅಚ್ಚಿನ ಪ್ರತಿಯ ಪಾಠಾಂತರಗಳಿವೆ; ಒಡಲಿನ ಪಾಠ ಮಾತ್ರ ಹಳೆಯದು. ಬರಿಯ ಹಟವಾಗಿದ್ದರೆ ಅಚ್ಚನ್ನು ನೋಡದೆ ಬಿಡುತ್ತಿದ್ದರು. ಇಲ್ಲಿ ಎರಡನ್ನೂ ಎದುರಿಗಿಟ್ಟುಕೊಂಡು ಸಾಲುಸಾಲು ಹೋಲಿಸಿದ್ದಾರೆ. ಇದನ್ನು ನಾನು ಗ್ರಂಥಸಂಪಾದನೆ ಎಂದೇ ಗೌರವದಿಂದ ಕರೆಯುತ್ತೇನೆ.

ಸೊಂಗ್ ಪುಸ್ತಕಗಳ ಅಂದಚೆಂದಕ್ಕೆ ಮನಸೋತ ಸಂಗ್ರಾಹಕರು ಅಚ್ಚೇ ಶುದ್ಧಪಾಠ ಎನ್ನುತ್ತಾರೆ. ಆದರೆ ಅಚ್ಚಿಗೆ ಹೋಗುವ ಮೊದಲು ಸಂಪಾದಕರು ಪಾಠ ತಿದ್ದುತ್ತಿದ್ದರು. ಹಲಗೆಯಲ್ಲಿ ಕೆತ್ತಿದ ತಪ್ಪು ಪ್ರತಿಯೊಂದು ಪುಸ್ತಕದಲ್ಲೂ ಮೂಡುತ್ತಿತ್ತು. ಅಚ್ಚಿನಲ್ಲಿ ಜಾಗ ಸಿಗದ್ದು ಮರೆಯಾಗುವ ಅಪಾಯವೂ ಇತ್ತು. ಕನ್‌ಫ್ಯೂಷಿಯಸನ ‘ಲುನ್‌ಯು’ವಿಗೆ ಆರನೆಯ ಶತಮಾನದ ಹ್ವಾಂಗ್ ಕಾನ್ ಬರೆದ ವ್ಯಾಖ್ಯಾನ ಚೀನಾದಲ್ಲಿ ಕಾಣೆಯಾಯಿತು, ಜಪಾನಿನ ಕೈಬರಹಗಳಲ್ಲಿ ಉಳಿಯಿತು. 1750ರಲ್ಲಿ ಜಪಾನಿನ ವಿದ್ವಾಂಸ ನೆಮೊಟೊ ಬುಯಿ ಅದನ್ನು ಅಚ್ಚುಹಾಕಿಸಿದ. ಆ ಪುಸ್ತಕ ಚೀನಾ ತಲುಪಿ, ಚಿಯೆನ್‌ಲೊಂಗ್ ಚಕ್ರವರ್ತಿಯ ಮಹಾಗ್ರಂಥಮಾಲೆಯಲ್ಲಿ ಸೇರಿತು.